ಯೂಜೀನ್ ನಿಲ್ಲುತ್ತಿದ್ದ ಜಾಗ

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವ ಮೊದಲು ಎಲ್ಲರ ಜ್ವರ ನೋಡುತ್ತಿದ್ದರು. ಅಮ್ಮ ಥರ್ಮಾಮೀಟರನ್ನು ನಮ್ಮ ನಾಲಗೆಯ ಕೆಳಗಿಟ್ಟು, ಅದು ಪೀಂ ಅನ್ನುವವರೆಗೆ ನಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅಪ್ಪನದನ್ನೂ ನೋಡುತ್ತಿದ್ದಳು. ರಾಫೆಲ್ಸ್ ಪ್ಲೇಸಿನ ಅವರ ಬ್ಯಾಂಕಿನಲ್ಲಿ ಬಾಗಿಲಲ್ಲೇ ಇನ್ನೊಮ್ಮೆ ನೋಡುತ್ತಿದ್ದರಂತೆ. ಸಾರ್ಸ್ ಎಂಬ ಸಾಂಕ್ರಾಮಿಕ ಜ್ವರ ಬಂದ ವರ್ಷ ಸಿಂಗಪುರದಲ್ಲಿ ಮಕ್ಕಳಾಗಿದ್ದವರಿಗೆ ಆ ಪೀಂ ಸದ್ದು, ನೆಲ ಒರೆಸಿದ ಡೆಟಾಲಿನ ವಾಸನೆ, ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತಿದ್ದು, ಎಲ್ಲ ನೆನಪಿರಬೇಕು. ನನಗೂ ನೆನಪಿದೆ. ಆದರೆ ನಾನು ಬರೆಯಹೊರಟಿರುವುದು ನೆನಪಿದೆಯೋ ಇಲ್ಲವೋ ಎಂದು ನನಗೇ ಖಚಿತವಿಲ್ಲದ ಒಂದು ಮಧ್ಯಾಹ್ನದ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಆ ಮಧ್ಯಾಹ್ನದ ಒಂದು ನಿಮಿಷದ ಬಗ್ಗೆ.

ನನಗಾಗ ಹನ್ನೊಂದು, ಅಣ್ಣ ಕಾರ್ತಿಕನಿಗೆ ಹದಿಮೂರು. ಟೋವಾ ಪಾಯೋದ ಹಳೆಯ ಬ್ಲಾಕೊಂದರ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಅಲ್ಲಿ ನೆಲಮಟ್ಟವನ್ನೇ ಒಂದನೇ ಮಹಡಿ ಎಂದು ಎಣಿಸುವುದರಿಂದ, ನಮ್ಮ ಕಾಲ ಕೆಳಗೆ ನೇರ ವಾಯ್ಡ್ ಡೆಕ್: ಗೋಡೆಗಳಿಲ್ಲದ ಆ ತಳಮಹಡಿಯಲ್ಲಿ ದಪ್ಪ ಕಂಬಗಳು, ಕಲ್ಲಿನ ಮೇಜು, ಒಂದು ಕಂಬಕ್ಕೆ ತಗುಲಿಹಾಕಿದ ಕಾಯಿನ್ ಫೋನು. ಬೇರೆ ದಿನಗಳಲ್ಲಿ ಅಲ್ಲಿ ಮುದುಕರ ಚೆಕ್ಕರ್ಸ್ ಆಟ, ಮಕ್ಕಳ ಐದು ಕಲ್ಲಿನ ಆಟ, ಯಾರದೋ ಮದುವೆ, ಯಾರದೋ ಸಾವು ಎಲ್ಲ ನಡೆಯುತ್ತಿದ್ದವು. ಶಾಲೆಗೆ ರಜೆ ಕೊಟ್ಟ ಮೇಲೆ ಅದು ಬರಿದಾಯಿತು. ಎದುರಿನ ಉಯ್ಯಾಲೆಗೆ ಹಳದಿ ಪಟ್ಟಿ ಸುತ್ತಿದ್ದರು. ಹಟ್ಟ ಹಗಲಲ್ಲಿ ಅಷ್ಟು ದೊಡ್ಡ ಊರು ಉಸಿರು ಬಿಗಿಹಿಡಿದು ಕೂತ ಹಾಗಿತ್ತು.

ಆ ಸದ್ದು ಮೊದಲು ನಮಗೆ ಕೇಳಿಸಲಿಲ್ಲ, ಪಾದಕ್ಕೆ ತಾಕಿತು. ನಾನು ನೆಲದ ಮೇಲೆ ಕೂತು ಅವಲಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಟೈಲ್ಸು ಸಣ್ಣಗೆ ಗುಂಯ್‌ಗುಟ್ಟಿತು. ನಿಂತಿತು. ಮತ್ತೆ ಗುಂಯ್‌ಗುಟ್ಟಿತು.

"ನೀರಿನ ಪಂಪ್ ಇರ್ಬೇಕು ಕಣೇ," ಅಂದಳು ಅಮ್ಮ.

"ಪಂಪ್ ಹೀಗೆ ನಿಂತು ನಿಂತು ಓಡತ್ತಾ? ನಾನು ನೋಡ್ಕೊಂಡ್ ಬರ್ತೀನಿ," ಅಂತ ಕಾರ್ತಿಕ ಎದ್ದ. ನಾನೂ ಹಿಂದೆಯೇ ಓಡಿದೆ.

ಕೆಳಗೆ ಇದ್ದವರು ವಾಲ್ಟರ್ ಅಂಕಲ್. ಮೂರನೇ ಮಹಡಿಯ ಮೂಲೆ ಮನೆಯವರು. ಆರಡಿಗೂ ಮೀರಿದ ಎತ್ತರದ ಕಪ್ಪು ಅಮೆರಿಕನ್, ಅರವತ್ತು ದಾಟಿದವರು. ಅವರ ಹೆಂಡತಿ ರೋಸಿ ಆಂಟಿ ಇಲ್ಲಿಯವರೇ, ತಮಿಳಿನವರು; ಅಮ್ಮನ ಜೊತೆ ಮಾರ್ಕೆಟ್ಟಿನಲ್ಲಿ ತಮಿಳೂ ಅಲ್ಲದ ಕನ್ನಡವೂ ಅಲ್ಲದ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಅಂಕಲ್ ಆಗ ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು. ನಮಗೆ ಅವರ ಪರಿಚಯ ಅಷ್ಟೇ.

ಈಗ ಅವರು ಖಾಲಿ ವಾಯ್ಡ್ ಡೆಕ್ಕಿನ ನಡುವೆ ನಿಂತು ಡೂಮ್, ಡೂಮ್, ಡೂಮ್ ಎಂದು ಹಾಡುತ್ತಿದ್ದರು. ಅದನ್ನು ಹಾಡು ಅನ್ನಬಹುದಾದರೆ. ನಾಲ್ಕು ಸಲ ಡೂಮ್ ಅಂದು ಸುಮ್ಮನಾಗುವರು. ತಲೆ ವಾರೆ ಮಾಡಿ ಎಡಕ್ಕೆ ಕಿವಿಗೊಡುವರು. ಯಾರೋ ಚೆನ್ನಾಗಿ ಹಾಡಿದರೆಂಬಂತೆ ತಲೆದೂಗುವರು. ಬಲಕ್ಕೆ ತಿರುಗಿ ನಗುವರು. ಆಮೇಲೆ, ಸರಿಯಾಗಿ ಯಾರೋ ದಾರಿ ಬಿಟ್ಟುಕೊಟ್ಟ ಕ್ಷಣದಲ್ಲಿ, ಮತ್ತೆ ಡೂಮ್.

"ಹುಚ್ಚು ಹಿಡಿದಿದೆ ಲಾ, ಬಾ ಹೋಗೋಣ," ಎಂದು ಕಾರ್ತಿಕ, ಸಿಂಗಪುರದವರ ಹಾಗೆ ಮಾತಿಗೊಂದು ಲಾ ಹಚ್ಚಿ, ನನ್ನ ಅಂಗಿ ಎಳೆದ. ಬಿಡಿಸಿಕೊಳ್ಳಲು ಹೋಗಿ ನಾನು ಎರಡು ಹೆಜ್ಜೆ ಮುಂದೆ ಎಡವಿದೆ. ಚಪ್ಪಲಿ ಪಟಾರೆಂದಿತು. ಅಂಕಲ್ ಹಾಡು ನಿಲ್ಲಿಸಿ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಬಾ ಮಗೂ," ಅಂದರು. "ನೀನು ಯೂಜೀನ್ ಮೇಲೆ ನಿಂತಿದ್ದೀಯ."

ಕೆಳಗೆ ನೋಡಿದೆ. ನನ್ನ ಕಾಲಡಿಯಲ್ಲಿ ಸೀಮೆಸುಣ್ಣದ ಒಂದು ಪುಟ್ಟ ಗೆರೆಯಿತ್ತು. ಅಂಥವು ಐದಿದ್ದವು, ಫೋನಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ.

ಅಂಕಲ್ ಮಾತಾಡಿದ್ದು ಇಂಗ್ಲಿಷಿನಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಅಂದರೆ ಅವರ ದನಿಯ ಒಂದು ಪದರ ಆಗಲೇ ಉದುರಿಹೋಗಿದೆ. ಆದರೆ ಯೂಜೀನ್ ಮೇಲೆ ನಿಂತಿದ್ದೀಯ ಅಂದದ್ದು ನಿಜ. ಕಾರ್ತಿಕನೂ ಅದನ್ನು ಹಾಗೆಯೇ ಹೇಳುತ್ತಾನೆ.

ನಮ್ಮನ್ನು ಕಲ್ಲಿನ ಮೇಜಿನ ಆಚೆ ಬದಿಗೆ ಕೂರಿಸಿ ಅವರು ವಿಷಯ ಹೇಳಿದರು. ರೋಸಿ ಆಂಟಿ ಆಸ್ಪತ್ರೆಯಲ್ಲಿದ್ದರು. ಸಾರ್ಸ್ ಅಲ್ಲ, ಹೃದಯ. ಆದರೆ ಸಾರ್ಸಿನ ದೆಸೆಯಿಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಗಂಡನನ್ನೂ. ಡಾಕ್ಟರು ವಾರಗಳ ಮಾತು ನಿಲ್ಲಿಸಿ ದಿನಗಳ ಮಾತಾಡುತ್ತಿದ್ದರು. ದಿನಕ್ಕೊಮ್ಮೆ ನರ್ಸ್ ಒಬ್ಬಳು ಫೋನನ್ನು ಆಂಟಿಯ ಕಿವಿಗೆ ಹಿಡಿಯುತ್ತಿದ್ದಳು. ಹಿಂದಿನ ದಿನ ಆಂಟಿ, ಅಂಕಲ್ ಒಂದು ಕಾಲದಲ್ಲಿ ತಮ್ಮ ತಂಡದೊಂದಿಗೆ ಹಾಡುತ್ತಿದ್ದ ಹಳೆಯ ಹಾಡನ್ನು ಹಾಡು ಅಂದಿದ್ದರಂತೆ. ಅಂಕಲ್ ತಮ್ಮ ಪಾಲಿನದನ್ನು ಹಾಡಿದರು.

"ಅವಳು ನಕ್ಕಳು," ಅಂದರು ಅಂಕಲ್. "ಬರೀ ಹೆಜ್ಜೆ ಸಪ್ಪಳ ಕೇಳ್ತಿದೆ ವಾಲ್ಟರ್, ಬರ್ತಿರೋ ಮನುಷ್ಯ ಎಲ್ಲಿ ಅಂದಳು."

ಆ ಹಾಡಿಗೆ ಐದು ಗಂಟಲು ಬೇಕಿತ್ತು. ಅವರಲ್ಲಿದ್ದದ್ದು ಒಂದು, ಅದೂ ತಳದ್ದು. ಆಂಟಿ ಹೋಗುವುದರೊಳಗೆ ಒಮ್ಮೆ ಆ ಹಾಡು ಪೂರ್ತಿಯಾಗಿ ಆ ತಂತಿಯ ಮೂಲಕ ಅವರ ಕಿವಿಗೆ ಹೋಗಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

"ನಿಮಗೆ ಹಾಡೋಕೆ ಬರತ್ತಾ?"

"ಅಮ್ಮ ಭಜನೆ ಹೇಳ್ಕೊಟ್ಟಿದ್ದಾರೆ," ಅಂದೆ.

"ಸುಮ್ನಿರೇ, ಅದೂ ಇದೂ ಒಂದೇನಾ," ಅಂದ ಕಾರ್ತಿಕ.

ಅಮ್ಮ ಬೇಡ ಅನ್ನುತ್ತಾಳೆಂದುಕೊಂಡಿದ್ದೆವು. ಅವಳು ಒಲೆ ಆರಿಸಿ ಸೌಟು ಹಿಡಿದುಕೊಂಡೇ ನಮ್ಮ ಕಡೆ ತಿರುಗಿದಳು. "ನೀನು ಹುಟ್ಟಿದಾಗ ನನ್ನಮ್ಮಂಗೆ ವೀಸಾ ಆಗ್ಲಿಲ್ಲ ಮೇಘೂ. ನಿನಗೆ ಎಣ್ಣೆ ನೀರು ಹಾಕಿದ್ದು ಆ ರೋಸಿಯಮ್ಮನೇ. ಒಂದು ತಿಂಗಳು, ದಿನಾ ಬೆಳಗ್ಗೆ," ಅಂದಳು. ಆಮೇಲೆ, "ಹೋಗಿ ಹಾಡಿ. ಒಬ್ಬರಿಗೊಬ್ಬರು ಒಂದು ಮಾರು ದೂರ ನಿಂತ್ಕೊಳ್ಳಿ ಅಷ್ಟೇ," ಅಂದಳು. ಎದುರು ಬ್ಲಾಕಿನ ಅಶ್ವಿನಿಯ ಅಮ್ಮನಿಗೆ ತಾನೇ ಫೋನ್ ಮಾಡಿದಳು. ಅವರೂ ಮೈಸೂರು ಕಡೆಯವರು. ಅಶ್ವಿನಿಯ ಅಪ್ಪ ಕಾಕಿ ಬುಕಿತ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೀಗೆ ಹನ್ನೆರಡು ವರ್ಷದ ಅಶ್ವಿನಿ, ಅವಳ ಒಂಬತ್ತು ವರ್ಷದ ತಮ್ಮ ಪುಟ್ಟು, ಕಾರ್ತಿಕ, ನಾನು. ಅಂಕಲ್‌ದು ಬಿಟ್ಟು ಉಳಿದ ನಾಲ್ಕು ಗೆರೆಗಳಿಗೆ ನಾಲ್ವರು.

ಒಂದು ಮಾರು ದೂರ ಅನ್ನುವುದು ಅಂಕಲ್‌ಗೂ ಬೇಕಿದ್ದದ್ದೇ. ಅವರ ಕಾಲದಲ್ಲಿ ಐವರಿಗೂ ಸೇರಿ ಒಂದೇ ಮೈಕು. ಯಾರ ದನಿ ಎಷ್ಟು ಜೋರು ಅನ್ನುವುದರ ಮೇಲೆ ಯಾರು ಎಷ್ಟು ದೂರ ನಿಲ್ಲಬೇಕೆಂದು ನೆಲದಲ್ಲಿ ಗೆರೆ ಎಳೆಯುತ್ತಿದ್ದರು. ಈಗ ಮೈಕಿನ ಜಾಗದಲ್ಲಿ ಫೋನಿನ ರಿಸೀವರು. ಅಂಕಲ್ ಹತ್ತಿರ, ಮಧ್ಯದ ದನಿಗಳು ಅರ್ಧವೃತ್ತದಲ್ಲಿ, ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಮೇಲಿನ ದನಿ. ಆ ಹಿಂದಿನ ಗೆರೆ ನನಗೆ ಬಂತು.

"ಈಗ ನೀನು ಯೂಜೀನ್," ಅಂದರು ಅಂಕಲ್.

ತಂಡದ ಕಥೆಯನ್ನು ಅವರು ಪಾಠದ ನಡುನಡುವೆ, ನಾವು ಮೈಲೋ ಕುಡಿಯುವಾಗ ಹೇಳಿದರು. ನಾನು ಅದನ್ನು ಒಟ್ಟಿಗೆ ಬರೆಯುತ್ತಿದ್ದೇನೆ, ಮಧ್ಯೆ ನನ್ನ ಕಲ್ಪನೆ ಎಷ್ಟು ಸೇರಿದೆಯೋ. ಅಮೆರಿಕದ ಪೂರ್ವ ದಂಡೆಯ ಒಂದು ಬಂದರು ಊರು. ಒಂದೇ ಬೀದಿಯ ಐದು ಕರಿಯ ಹುಡುಗರು. ವಾದ್ಯ ಕೊಳ್ಳಲಾಗದೆ ಬಾಯನ್ನೇ ವಾದ್ಯ ಮಾಡಿಕೊಂಡರು: ಒಬ್ಬ ಡೂಮ್ ಅಂದರೆ ಇನ್ನೊಬ್ಬ ವಾ ಅನ್ನಬೇಕು. ಡೂ-ವಾಪ್ ಎಂದು ಅದಕ್ಕೆ ಹೆಸರಿಟ್ಟದ್ದು ಎಷ್ಟೋ ಆಮೇಲೆ, ಬೇರೆ ಯಾರೋ. ರೈಲು ಸೇತುವೆಯ ಕೆಳಗೆ ನಿಂತು ಹಾಡುತ್ತಿದ್ದರು. ಅಲ್ಲಿ ದನಿ ಗೋಡೆಗೆ ಬಡಿದು ಎರಡಾಗುತ್ತಿತ್ತು. ಬಂದರಿನ ದೋಣಿ ದೀಪಗಳನ್ನು ನೋಡಿ ಫೆರಿಲೈಟ್ಸ್ ಎಂದು ಹೆಸರಿಟ್ಟುಕೊಂಡರು. ಒಬ್ಬ ಮ್ಯಾನೇಜರ್ ಬಂದ. ಒಂದು ರೆಕಾರ್ಡು ಬಂತು. ಒಂದು ಬೇಸಿಗೆ ಪೂರ್ತಿ ಆ ಹಾಡು ಊರಿನ ಎಲ್ಲ ಕಿಟಕಿಗಳಿಂದ ಕೇಳಿಸಿತು. ಆಮೇಲೆ ಬಿಳಿಯ ಹುಡುಗರ ತಂಡವೊಂದು ಅದನ್ನೇ ಹಾಡಿತು. ಆ ರೆಕಾರ್ಡು ಇನ್ನೂ ಹೆಚ್ಚು ಕಿಟಕಿಗಳಿಂದ ಕೇಳಿಸಿತು.

ಮೇಲಿನ ದನಿ ಯೂಜೀನನದು. ಹದಿನೇಳು ವರ್ಷ. ಹೋಟೆಲುಗಳಲ್ಲಿ ಅವರಿಗೆ ಕೋಣೆ ಕೊಡುತ್ತಿರಲಿಲ್ಲ, ಚಳಿಗಾಲದಲ್ಲೂ ಬಸ್ಸಿನಲ್ಲೇ ನಿದ್ದೆ. ಅಲ್ಲಿಂದ ಕೆಮ್ಮು ಹತ್ತಿತು. ಅವನನ್ನು ಇಟ್ಟ ಆಸ್ಪತ್ರೆಯೊಳಗೆ ಇವರನ್ನು ಬಿಡಲಿಲ್ಲ. ಅವನು ತೀರಿಹೋದ ವಾರವೇ ಮ್ಯಾನೇಜರ್ ಹೊಸ ಹುಡುಗನನ್ನು ಕರೆತಂದು, "ಇವನು ಯೂಜೀನ್" ಅಂದನಂತೆ. ಪೋಸ್ಟರುಗಳನ್ನು ಆಗಲೇ ಅಚ್ಚು ಹಾಕಿಸಿಯಾಗಿತ್ತು.

"ಆಮೇಲೆ ಎಷ್ಟು ಯೂಜೀನ್ ಬಂದ್ರು ಅಂಕಲ್?" ಅಂತ ಪುಟ್ಟು ಕೇಳಿದ.

"ಆರು. ಎಲ್ಲರೂ ಚೆನ್ನಾಗೇ ಹಾಡ್ತಿದ್ರು. ಆ ಗೆರೆ ಮೇಲೆ ಬಂದು ನಿಂತ್ಕೊಂಡ ಕೂಡಲೇ ಆ ಹೆಸರಿಗೆ ಓ ಅಂತಿದ್ರು."

ತಂಡದ ಹೆಸರಿನ ಹಕ್ಕು ಮ್ಯಾನೇಜರನದು, ಹುಡುಗರದಲ್ಲ. ಒಂದು ಕಾಲದಲ್ಲಿ ಒಂದೇ ಸಂಜೆ ಎರಡು ಊರಲ್ಲಿ ಎರಡು ಫೆರಿಲೈಟ್ಸ್ ಹಾಡುತ್ತಿದ್ದವಂತೆ. "ಆ ಇನ್ನೊಂದರಲ್ಲೂ ಒಬ್ಬ ವಾಲ್ಟರ್ ಇದ್ದ," ಅಂದರು ಅಂಕಲ್. "ನಾನು ಅವನನ್ನು ನೋಡಲೇ ಇಲ್ಲ. ನನಗಿಂತ ಚೆನ್ನಾಗಿ ಹಾಡ್ತಾನೆ ಅಂತ ಜನ ಹೇಳ್ತಿದ್ರು." ಅಶ್ವಿನಿ ಕಿಸಕ್ಕನೆ ನಕ್ಕಳು. ಅಂಕಲ್ ನಗಲಿಲ್ಲ. ಗಿಟಾರುಗಳ ಕಾಲ ಬಂದು ಇಂಥ ಹಾಡು ಹಳತಾದಾಗ ತಂಡವನ್ನು ದೂರ ದೂರಕ್ಕೆ ಕಳಿಸತೊಡಗಿದರು. ಸೈನಿಕರ ಕ್ಯಾಂಪುಗಳು, ಬಂದರುಗಳು, ಕೊನೆಗೆ ಸಿಂಗಪುರದ ಒಂದು ಹೋಟೆಲಿನಲ್ಲಿ ಮೂರು ತಿಂಗಳು. ಅಷ್ಟು ಹೊತ್ತಿಗೆ ಮೂಲ ಐವರಲ್ಲಿ ಉಳಿದವರು ಇವರೊಬ್ಬರೇ. ಅಲ್ಲಿ ಟೇಬಲ್ ಬುಕ್ ಮಾಡುವ ಕೌಂಟರಿನಲ್ಲಿ ರೋಸಿ ಆಂಟಿ ಇದ್ದರು. ಮೂರು ತಿಂಗಳು ಪ್ರತಿ ಸಂಜೆ ಆ ಹಾಡನ್ನು ಕೇಳಿದರು. ಉಳಿದ ನಾಲ್ವರು ವಿಮಾನ ಹತ್ತಿದರು, ಇವರು ಹತ್ತಲಿಲ್ಲ.

ಹಾಡು ಕೊನೆಯ ದೋಣಿಯದ್ದು. ಕಟ್ಟೆಯ ಮೇಲೆ ದೀಪ ಹಿಡಿದು ನಿಂತಿದ್ದೇನೆ, ನಿಧಾನವಾಗಿ ಬಾ, ಆದರೆ ಬಾ ಎಂದು ಒಬ್ಬ ಕರೆಯುತ್ತಾನೆ. ಮಾತುಗಳೆಲ್ಲ ಅಶ್ವಿನಿಯ ಪಾಲು. ಕಾರ್ತಿಕ, ಪುಟ್ಟು ನಡುವಿನ ಊ ಮತ್ತು ವಾ. ನನ್ನದಕ್ಕೆ ಮಾತಿಲ್ಲ. ಎರಡನೇ ಚರಣದಲ್ಲಿ ಎಲ್ಲರ ತಲೆಯ ಮೇಲಿಂದ ಬರುವ ಒಂದೇ ಉದ್ದದ ಎಳೆ, ದೂರದ ದೋಣಿಯವನು ಓಗೊಟ್ಟ ಹಾಗೆ.

ಅಲ್ಲೇ ನಮ್ಮ ತೊಡಕು ಶುರುವಾದದ್ದು. ನಾವು ಭಜನೆಯ ಮಕ್ಕಳು. ಪಕ್ಕದವರ ದನಿಯೊಳಗೆ ನಮ್ಮ ದನಿ ಕರಗಿಹೋಗುವುದೇ ನಮಗೆ ಗೊತ್ತಿದ್ದ ಹಾಡು. ಅಮ್ಮನ ಪಾಠದಲ್ಲಿ ಯಾರ ದನಿಯಾದರೂ ಬೇರೆಯಾಗಿ ಕೇಳಿಸಿದರೆ ಅದು ತಪ್ಪು. ಇಲ್ಲಿ ನಾಲ್ಕು ಸಾಲು ಹಾಡುವುದರೊಳಗೆ ಪುಟ್ಟು ಅಶ್ವಿನಿಯ ದನಿಗೆ ಜಾರುತ್ತಿದ್ದ, ನಾನು ಮೇಲಿನಿಂದ ಕಾರ್ತಿಕನ ದನಿಗೆ ಇಳಿಯುತ್ತಿದ್ದೆ, ಎಂಟನೇ ಸಾಲಿಗೆ ನಾಲ್ವರೂ ಒಂದೇ ದನಿಯಾಗಿ ಸುಖವಾಗಿ ಹಾಡುತ್ತಿದ್ದೆವು. ಅಂಕಲ್ ಹಣೆ ಹಣೆ ಚಚ್ಚಿಕೊಳ್ಳುವರು.

"ಅವನ ಮನೆಗೆ ಹೋಗಬೇಡ! ನಿನ್ನ ಮನೆಯಲ್ಲಿ ಇರು! ಕಿಟಕಿಯಿಂದ ಅವನನ್ನ ನೋಡು, ಸಾಕು."

"ಅಂಕಲ್, ನಮ್ಮಲ್ಲಿ ಎಲ್ರೂ ಒಂದೇ ಮನೇಲಿ ಇರ್ತೀವಿ ಲಾ," ಅಂದ ಪುಟ್ಟು.

ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟುಕೊಳ್ಳಲು ಅವರು ಕಲಿಸಿದರು. ಕಿವಿ ಮೋಸ ಮಾಡುತ್ತದೆ, ಪಕ್ಕದವರ ದನಿಯನ್ನೇ ನಿನ್ನದು ಅನ್ನುತ್ತದೆ. ಬೆರಳು ಸುಳ್ಳು ಹೇಳುವುದಿಲ್ಲ, ಅದರಡಿ ನಡುಗುತ್ತಿರುವುದು ಮಾತ್ರ ನಿನ್ನದು. ದಿನಾ ಸಂಜೆ ಅಭ್ಯಾಸ ಮಾಡಿದೆವು. ವಾರದ ಹೊತ್ತಿಗೆ ಮೂವರೂ ತಂತಮ್ಮ ಮನೆಗಳಲ್ಲಿ ನಿಂತರು. ನಾನು ಮಾತ್ರ ಹತ್ತು ಸಲಕ್ಕೆ ಒಂಬತ್ತು ಸಲ ಜಾರುತ್ತಿದ್ದೆ. ನಾನೊಬ್ಬಳೇ ಜಾರಿದರೂ ಉಳಿದ ಮೂವರು ನನ್ನ ಹಿಂದೆ ಬಂದುಬಿಡುತ್ತಿದ್ದರು. ಇಡೀ ಹಾಡು ಕುಸಿದು ಭಜನೆಯಾಗುತ್ತಿತ್ತು. ಆಸ್ಪತ್ರೆಯಿಂದ ಬರುವ ಸುದ್ದಿ ದಿನದಿನಕ್ಕೆ ಚಿಕ್ಕದಾಗುತ್ತಿತ್ತು. ನನ್ನಿಂದಾಗಿ ಆಂಟಿಗೆ ಹಾಡು ತಲುಪುವುದಿಲ್ಲ ಎಂಬ ಭಯಕ್ಕೆ ನಾನು ಊಟ ಬಿಟ್ಟೆ.

ಅಮ್ಮ ಅದಕ್ಕೆ ಬೇರೆಯೇ ಕಾರಣ ಹುಡುಕಿದಳು. "ಸತ್ತವರ ಹೆಸರು ಹಿಡಿದು ಕರೀತಾರಂತೆ ನಿನ್ನ. ನಂಗೆ ಸರಿ ಕಾಣಲ್ಲ."

"ನಂಗೆ ತಾತನ ಹೆಸರು ಇಟ್ಟಿಲ್ವಾ?" ಅಂದ ಕಾರ್ತಿಕ.

"ತಾತ ಬೇರೆ. ಅವರು ನಮ್ಮನೆಯವರು, ಬಂದ್ರೂ ಆಶೀರ್ವಾದ ಮಾಡಿ ಹೋಗ್ತಾರೆ. ಇದು ಯಾವೂರ ಹುಡುಗನೋ ಏನೋ." ಅವಳು ಅರ್ಧ ತಮಾಷೆಗೆ ಹೇಳಿದಳು. ಆದರೂ ಅವತ್ತು ನನಗೆ ದೃಷ್ಟಿ ತೆಗೆದಳು. ಸುಟ್ಟ ಮೆಣಸಿನಕಾಯಿಯ ಘಾಟು ಬರಲಿಲ್ಲ ಎಂದು ಅವಳೂ ಕಾರ್ತಿಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೊಂದು ಬುಧವಾರ ನರ್ಸ್ ಹೇಳಿ ಕಳಿಸಿದಳು: ನಾಳೆ ಮಧ್ಯಾಹ್ನ ನಾಲ್ಕಕ್ಕೆ ಫೋನ್ ಮಾಡಿ, ಆಮೇಲೆ ಅವರಿಗೆ ಎಚ್ಚರ ಇರುತ್ತದೋ ಇಲ್ಲವೋ. ಅಂಕಲ್ ನನ್ನನ್ನು ಪಕ್ಕಕ್ಕೆ ಕರೆದರು. "ಜಾರ್ತಿದ್ದೀನಿ ಅನ್ನಿಸಿದರೆ ದನಿ ನಿಲ್ಲಿಸಿಬಿಡು. ಬಾಯಿ ಮುಚ್ಚಬೇಡ, ದನಿ ಮಾತ್ರ ನಿಲ್ಲಿಸು. ತಪ್ಪು ಮನುಷ್ಯ ನಿಲ್ಲೋದಕ್ಕಿಂತ ಜಾಗ ಖಾಲಿ ಇರೋದು ವಾಸಿ."

ಗುರುವಾರ ನಾಲ್ಕು ಗಂಟೆ. ಬಿಸಿಲು ಕಂಬಗಳ ನಡುವೆ ಚೌಕ ಚೌಕವಾಗಿ ಬಿದ್ದಿತ್ತು. ಎಲ್ಲೂ ಯಾರೂ ಇಲ್ಲ. ಮೇಲೆ ಕಾರಿಡಾರಿನ ಕಟಕಟೆಗೆ ಒರಗಿ ಅಮ್ಮ ಮತ್ತು ಅಶ್ವಿನಿಯ ಅಮ್ಮ ನಿಂತಿದ್ದರು. ಅವರ ಮುಖ ನಮಗೆ ಕಾಣುತ್ತಿರಲಿಲ್ಲ. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ನಂಬರು ಒತ್ತಿದರು. "ರೋಸಿ, ನಾವೆಲ್ಲ ಬಂದಿದ್ದೀವಿ," ಅಂದರು. ರಿಸೀವರನ್ನು ತಂತಿಯಿಂದ ಇಳಿಬಿಟ್ಟು ನಮ್ಮ ಕಡೆ ತಿರುಗಿದರು.

ಡೂಮ್, ಡೂಮ್. ನೆಲ ನಡುಗಿತು. ಕಾರ್ತಿಕ ಬಂದ, ಪುಟ್ಟು ಬಂದ, ಅಶ್ವಿನಿ ಬಾಯಿ ತೆರೆದು ದೀಪ ಹಿಡಿದಳು. ಮೊದಲ ಚರಣ ಮುಗಿಯಿತು. ಎರಡನೆಯದು ಶುರುವಾಯಿತು. ನನ್ನ ಸರದಿ. ಎರಡು ಬೆರಳು ಕುತ್ತಿಗೆಯ ಮೇಲೆ ಇದ್ದವು. ಉಸಿರೆಳೆದೆ, ಮತ್ತು ಆ ಕ್ಷಣವೇ ನನಗೆ ಗೊತ್ತಾಯಿತು, ನನ್ನ ದನಿ ಕಾರ್ತಿಕನ ಮನೆಯ ಬಾಗಿಲಲ್ಲಿ ನಿಂತಿದೆ. ನಿಲ್ಲಿಸಿಬಿಟ್ಟೆ. ಬಾಯಿ ತೆರೆದೇ ಇತ್ತು.

ಮೇಲಿನ ಎಳೆ ಬಂತು.

ನಾನು ಅದನ್ನು ಹೇಗೆ ಬರೆಯಲಿ. ಅದು ಫೋನಿನೊಳಗಿಂದ ಬರಲಿಲ್ಲ, ಅಮ್ಮಂದಿರಿದ್ದ ಕಾರಿಡಾರಿನಿಂದ ಬರಲಿಲ್ಲ. ನಾನು ನಿಂತ ಜಾಗದಿಂದಲೇ ಬಂತು, ಆದರೆ ನನ್ನ ಬಾಯಿಯಿಂದಲ್ಲ. ನನ್ನ ತಲೆಗಿಂತ ಒಂದು ಗೇಣು ಮೇಲಿನಿಂದ ಬಂತು. ನನಗಿಂತ ಎತ್ತರದವರೊಬ್ಬರು ಅದೇ ಗೆರೆಯ ಮೇಲೆ ನಿಂತಿದ್ದರೆ ಅವರ ಬಾಯಿ ಇರಬಹುದಾದ ಎತ್ತರದಿಂದ. ದನಿ ತೆಳ್ಳಗಿತ್ತು, ಎಳೆಯದಿತ್ತು, ಒಂದಿಷ್ಟೂ ಅಲುಗಲಿಲ್ಲ. ಬೆರಳನ್ನು ಕುತ್ತಿಗೆಗೆ ಒತ್ತಿ ಹಿಡಿದೆ. ಬೆರಳಡಿಯಲ್ಲಿ ರಕ್ತ ಬಡಿಯುತ್ತಿತ್ತು, ಬೇರೇನೂ ಇರಲಿಲ್ಲ. ಕಾರ್ತಿಕ ನನ್ನ ಕಡೆ ನೋಡಿ ಹುಬ್ಬೇರಿಸಿ ಶಹಬಾಸ್ ಎಂಬಂತೆ ನಕ್ಕ. ಅಂಕಲ್ ಮಾತ್ರ ನನ್ನ ಮುಖವನ್ನು ನೋಡಲಿಲ್ಲ. ನನಗಿಂತ ಸ್ವಲ್ಪ ಮೇಲೆ ನೋಡುತ್ತಿದ್ದರು, ತಲೆದೂಗುತ್ತ, ಮೊದಲ ದಿನ ನಾವು ಕಂಡ ಹಾಗೆಯೇ.

ಹಾಡು ಮುಗಿಯಿತು. ಅಂಕಲ್ ರಿಸೀವರ್ ಎತ್ತಿಕೊಂಡರು. ನಮಗೆ ಕೇಳಿಸಿದ್ದು ಅಂಕಲ್ ಆಡಿದ ಮಾತು ಮಾತ್ರ.

"ಹೂಂ... ಪೂರ್ತಿ... ಇಲ್ಲ ರೋಸಿ, ಅದು ಎರಡನೇ ಮಹಡಿಯ ಹುಡುಗಿ." ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. "ಹೂಂ. ನನಗೂ ಕೇಳಿಸ್ತು," ಅಂದರು.

ರಿಸೀವರನ್ನು ನನ್ನ ಕೈಗೆ ಕೊಟ್ಟರು. ಆಂಟಿಯ ದನಿ ಬತ್ತಿ ಕಾಗದದಂತಾಗಿತ್ತು. "ಕಣ್ಣು," ಅಂದರು, ಎಂದಿನಂತೆ ತಮಿಳಿನ ಮುದ್ದಿನಲ್ಲಿ. "ನಿನ್ನ ಗಂಟಲು ಗಂಡುಹುಡುಗಂದು ಇದ್ದ ಹಾಗಿದೆಯಲ್ಲ. ಇಷ್ಟು ದಿನ ನಂಗೆ ಗೊತ್ತೇ ಇರಲಿಲ್ಲ."

ಆಗ ನಾನು ಹೇಳಬಹುದಿತ್ತು.

"ಥ್ಯಾಂಕ್ಯೂ ಆಂಟಿ," ಅಂದೆ.

ಮೂರನೇ ದಿನ ಆಂಟಿ ಹೋದರು. ಬೇರೆ ಕಾಲವಾಗಿದ್ದರೆ ವಾಯ್ಡ್ ಡೆಕ್ ತುಂಬ ಕುರ್ಚಿ ಹಾಕುತ್ತಿದ್ದರು, ಮೂರು ದಿನ ಜನ ಬಂದು ಹೋಗುತ್ತಿದ್ದರು. ಅವತ್ತು ಹತ್ತು ಕುರ್ಚಿಯೂ ಇರಲಿಲ್ಲ. ಅಮ್ಮ ಒಬ್ಬಳೇ ಇಳಿದು ಹೋಗಿ ಬಂದು ಸ್ನಾನ ಮಾಡಿ ಅತ್ತಳು.

ಒಂದು ವಾರ ಕಳೆದು ನಾನು ಕೆಳಗೆ ಹೋದಾಗ ಅಂಕಲ್ ಬಕೆಟ್ಟು, ಮಾಪು ಹಿಡಿದು ಸೀಮೆಸುಣ್ಣದ ಗೆರೆಗಳನ್ನು ಒರೆಸುತ್ತಿದ್ದರು. ಬಕೆಟ್ಟಿನ ಪಕ್ಕಕ್ಕೆ ಹೋಗಿ ನಿಂತೆ. "ಅಂಕಲ್, ಅವತ್ತು ನಾನು ಹಾಡಲಿಲ್ಲ. ಆಂಟಿಗೆ ಸುಳ್ಳು ಹೇಳಿದೆ," ಅಂದೆ.

ಅವರು ಮಾಪನ್ನು ಹಿಂಡಿದರು. "ಬೇಸ್ ಹಾಡೋನ ಕೆಲಸ ಏನು ಗೊತ್ತಾ ಮಗೂ? ತಳದಲ್ಲಿ ನಿಂತು, ಮೇಲೆ ಯಾರಿದ್ದಾರೆ ಅಂತ ತಿಳ್ಕೊಂಡಿರೋದು." ಅಷ್ಟೇ ಹೇಳಿದರು. ಅದು ಕ್ಷಮೆಯೋ, ಸಮಾಧಾನವೋ, ಬರಿಯ ಮಾಹಿತಿಯೋ ನನಗೆ ಇವತ್ತಿಗೂ ತಿಳಿದಿಲ್ಲ. ವರ್ಷ ಮುಗಿಯುವುದರೊಳಗೆ ಅವರು ತಂಗಿಯ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟುಹೋದರು. ಆಮೇಲಿನದು ನಮಗೆ ಗೊತ್ತಿಲ್ಲ.

ಇದಿಷ್ಟು ನನ್ನ ನೆನಪು. ಇದನ್ನು ನಂಬಬಾರದೆಂದು ನನಗೆ ಓದು ಕಲಿಸಿದೆ. ಮಕ್ಕಳ ಮನಸ್ಸು ಹೆದರಿದಾಗ ತನ್ನ ದನಿಯನ್ನೇ ಪರರದೆಂದು ಕೇಳಿಸಿಕೊಳ್ಳಬಲ್ಲದು. ಸಾವಿನ ನಂತರ ಕಟ್ಟಿಕೊಂಡ ಕಥೆ ಸಾವಿಗಿಂತ ಮುಂಚಿನದಾಗಿಬಿಡಬಲ್ಲದು. ಅವತ್ತಿನ ನನ್ನ ಡೈರಿ ಇನ್ನೂ ನನ್ನ ಬಳಿಯಿದೆ. ಗುಂಡನೆಯ ಅಕ್ಷರದಲ್ಲಿ ಹೀಗಿದೆ: ಇವತ್ತು ಆಂಟಿಗೆ ಹಾಡಿದೆವು. ನಾನು ಒಂದು ಸಲವೂ ಜಾರಲಿಲ್ಲ. ಅಂಕಲ್‌ಗೆ ಖುಷಿ. ಎರಡು ಕೇಕ್ ತಿಂದೆ. ಓದಿದವರು ನಾನು ಹಾಡಿದೆನೆಂದೇ ತಿಳಿಯುತ್ತಾರೆ. ನಾನು ಹಾಗೆ ತಿಳಿಯಲೆಂದೇ ಬರೆದಿರಬಹುದು. ಅಥವಾ ಹಾಡಿಯೇ ಇರಬಹುದು.

ನಮ್ಮ ಬ್ಲಾಕನ್ನು ಕೆಡವಿ ಎಷ್ಟೋ ವರ್ಷವಾಯಿತು. ಅಲ್ಲಿ ನಲವತ್ತು ಮಹಡಿಯ ಕಟ್ಟಡ ಎದ್ದಿದೆ; ತಳದಲ್ಲಿ ಗಾಜಿನ ಜಿಮ್ ಇದೆ, ಅಲ್ಲಿ ನಿಂತು ಹಾಡಿದ ದನಿಯನ್ನು ಹಿಂದಕ್ಕೆ ಕೊಡುವ ಕಂಬಗಳಿಲ್ಲ. ಇವನ್ನೆಲ್ಲ ಕಳೆದುಕೊಂಡದ್ದರ ಲೆಕ್ಕಕ್ಕೆ ಸುಲಭವಾಗಿ ಹಾಕಬಹುದು, ಹಾಕಿಯೂ ಇದ್ದೆ. ಈ ಯುಗಾದಿಯವರೆಗೆ.

ಯುಗಾದಿಗೆ ಕಾರ್ತಿಕನ ಕಾಂಡೋ ಫ್ಲ್ಯಾಟಿನಲ್ಲಿ ನಾವು ನಾಲ್ವರೂ ಅಪರೂಪಕ್ಕೆ ಒಟ್ಟಿಗೆ ಸೇರಿದ್ದೆವು. ಒಬ್ಬಟ್ಟು ತಿಂದು ಕೂತಾಗ ಅವನ ಹೆಂಡತಿ, "ಅದೇನೋ ಅಮೆರಿಕನ್ ಹಾಡು ಅಂತೀರಲ್ಲ, ಹಾಡ್ರಿ ನೋಡೋಣ," ಅಂದಳು. ಕಾರ್ತಿಕನ ಗಂಟಲು ಈಗ ದಪ್ಪವಾಗಿದೆ, ಡೂಮ್ ಅವನೇ ಹಿಡಿದ. ಪುಟ್ಟು ನಡುವೆ ಬಂದ. ಈಗ ಅವನು ಮೂವತ್ತು ದಾಟಿದ ವಿನಯ್, ನಾವು ಮಾತ್ರ ಪುಟ್ಟು ಅನ್ನುತ್ತೇವೆ. ಅಶ್ವಿನಿಗೆ ಒಂದು ಮಾತೂ ಮರೆತಿರಲಿಲ್ಲ. ಆಶ್ಚರ್ಯವೆಂದರೆ ಯಾರೂ ಜಾರಲಿಲ್ಲ. ಎರಡನೇ ಚರಣಕ್ಕೆ ಮೂವರೂ ನನ್ನ ಮುಖ ನೋಡಿದರು.

ನಾನು ಬಾಯಿ ತೆರೆದೆ. ಆ ಎಳೆ ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಹೋಗುತ್ತದೆ, ನನಗೆ ಏನೂ ಗೊತ್ತಿರಲಿಲ್ಲ. ಮರೆತದ್ದಲ್ಲ, ಅದು ನನ್ನ ಗಂಟಲಲ್ಲಿ ಎಂದೂ ನೆಲೆ ನಿಂತಿರಲೇ ಇಲ್ಲ. ನನಗೆ ಗೊತ್ತಿದ್ದದ್ದು ಕಾರ್ತಿಕನ ಅಂದಿನ ಸಾಲು ಮಾತ್ರ. ಹಾಡು ಆ ಖಾಲಿ ಜಾಗವನ್ನು ದಾಟಿ ಹೋಗಿ ಮುಗಿಯಿತು.

"ಯಾಕೇ ಬಿಟ್ಟೆ?" ಅಂದಳು ಅಶ್ವಿನಿ.

"ಅವತ್ತೂ ಬಿಟ್ಟಿದ್ದೆ."

ಪುಟ್ಟು ನಕ್ಕ. ಕಾರ್ತಿಕ ನಗಲಿಲ್ಲ. "ಸುಳ್ಳು ಹೇಳ್ಬೇಡ ಮೇಘೂ. ನಾನು ಪಕ್ಕದಲ್ಲೇ ಇದ್ದೆ. ಕೇಳಿಸ್ತು."

"ನಂಗೂ ಕೇಳಿಸ್ತು. ನನ್ನ ತಲೆ ಮೇಲಿಂದ." ಕೈಯೆತ್ತಿ ಎಷ್ಟು ಮೇಲೆಂದು ತೋರಿಸಿದೆ.

ಕೆಳಗೆ ಈಜುಕೊಳದಲ್ಲಿ ಮಕ್ಕಳು ಕಿರುಚುತ್ತಿದ್ದರು. ಕಾರ್ತಿಕ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. "ಇನ್ನೊಂದ್ ಸಲ ಹಾಡೋಣ," ಅಂದ, ನನ್ನನ್ನು ನೋಡದೆ.

ಹಾಡಿದೆವು. ಎರಡನೇ ಚರಣ ಬಂದಾಗ ಮೂವರೂ ದನಿ ತಗ್ಗಿಸಿದರು. ಯಾರೂ ನನ್ನ ಮುಖ ನೋಡಲಿಲ್ಲ, ನನಗಿಂತ ಒಂದು ಗೇಣು ಮೇಲೆ ನೋಡುತ್ತಿದ್ದರು. ನಾನು ಬಾಯಿ ತೆರೆದು, ಜಾಗ ಬಿಟ್ಟು, ಅಲುಗದೆ ನಿಂತೆ. ಕಾರ್ತಿಕ ತನ್ನ ಡೂಮ್ ಸಾಲನ್ನು ಇನ್ನೊಮ್ಮೆ ತಿರುಗಿಸಿದ, ಮತ್ತೂ ಒಮ್ಮೆ ತಿರುಗಿಸಿದ.

ಯಾರೂ ಬರಲಿಲ್ಲ.